ಕೋಲಾರದಿಂದ ಮೈಸೂರಿಗೆ: ಮಕ್ಕಳಿಗೆ ರೈಲು ತೋರಿಸೋದು ಹೇಗೆ

ಅಕ್ಕನ ಮಗನಿಗೆ ಹತ್ತು ವರ್ಷ, ನನ್ನ ಮಗಳಿಗೆ ಆರು. ಇಬ್ಬರಿಗೂ ರೈಲೆಂದರೆ ಪ್ರಾಣ. ಮೈಸೂರಿನ ರೈಲು ಮ್ಯೂಸಿಯಂಗೆ ಇವರನ್ನು ಮೂರು ಸಲ ಕರೆದುಕೊಂಡು ಹೋಗಿದ್ದೇನೆ. ಮೊದಲ ಸಲ ವಾರದ ರಜೆ ಯಾವತ್ತು ಅಂತ ವಿಚಾರಿಸದೆ ಕಾರು ಹತ್ತಿಸಿ ಹೊರಟು, ಬೇಲಿ ಆಚೆಯಿಂದ ಒಂದು ಎಂಜಿನ್ನಿನ ಮೂತಿ ನೋಡಿಕೊಂಡು ವಾಪಸ್ ಬಂದೆವು. ಎರಡನೇ ಸಲ ಬಾಗಿಲು ತೆರೆದಿತ್ತು. ನಲವತ್ತು ನಿಮಿಷದಲ್ಲಿ ಎಲ್ಲ ನೋಡಿ ಮುಗಿಸಿದ ಮಕ್ಕಳು "ಮಾಮ, ಈಗ ಝೂಗೆ ಹೋಗೋಣ್ವಾ?" ಅಂದರು. ಸರಿಯಾಗಿದ್ದು ಮೂರನೇ ಸಲ. ಆ ಸಲ ಏನು ಬೇರೆ ಮಾಡಿದೆವು ಅನ್ನೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದೇ ಮಾತಲ್ಲಿ ಹೇಳಬೇಕೆಂದರೆ, ಆ ಸಲ ನೋಡೋದನ್ನು ಮೈಸೂರಿನಲ್ಲಿ ಶುರು ಮಾಡಲಿಲ್ಲ. ಕೋಲಾರದಲ್ಲೇ, ನಮ್ಮ ಮನೆ ಅಂಗಳದಲ್ಲೇ ಶುರು ಮಾಡಿದೆವು.

ಹೊರಡುವ ವಾರಕ್ಕೆ ಮುಂಚೆ: ಅಂಗಳದಲ್ಲಿ ಮೂರು ಹಳಿ

ಒಂದು ಟೇಪು, ಒಂದು ಸೀಮೆಸುಣ್ಣ ಸಾಕು. ಸಿಮೆಂಟು ನೆಲದ ಮೇಲೆ ಮೂರು ಜೋಡಿ ಗೆರೆ ಎಳೆಯಿರಿ. ಮೊದಲ ಜೋಡಿಯ ನಡುವೆ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಎರಡು ಹಳಿಯ ನಡುವಿನ ಅಂತರಕ್ಕೇ ಗೇಜ್ ಅನ್ನೋದು, ಇದು ನ್ಯಾರೋ ಗೇಜ್. ಎರಡನೆಯದಕ್ಕೆ ಸರಿಯಾಗಿ 1000 ಮಿಲಿಮೀಟರ್, ಮೀಟರ್ ಗೇಜ್. ಮೂರನೆಯದಕ್ಕೆ 1676, ಬ್ರಾಡ್ ಗೇಜ್. ಆಮೇಲೆ ಮಗುವನ್ನು ಅಡ್ಡಡ್ಡ ಮಲಗಿಸಿ. ನನ್ನ ಮಗಳಿಗೆ ನ್ಯಾರೋ ಗೇಜಿನಲ್ಲಿ ಮಂಡಿಯಿಂದ ಕೆಳಗೆಲ್ಲ ಹೊರಗೆ. ಮೀಟರ್ ಗೇಜಿನಲ್ಲಿ ಪಾದ ಮಾತ್ರ ಹೊರಗೆ. ಬ್ರಾಡ್ ಗೇಜಿನಲ್ಲಿ ಇಡೀ ಹುಡುಗಿ ಒಳಗೆ, ಇನ್ನೂ ಒಂದೂವರೆ ಅಡಿ ಮಿಕ್ಕಿತು. ಈ ಆಟ ಅಂಗಳದಲ್ಲಿ ಮಾತ್ರ, ನಿಜವಾದ ಹಳಿ ಹತ್ತಿರ ಅಲ್ಲ ಅಂತ ಅವತ್ತೇ ಖಡಾಖಂಡಿತವಾಗಿ ಹೇಳಿಬಿಡಿ. ನಾನು ಎರಡು ಸಲ ಹೇಳಿದೆ, ಅವಳ ಅಜ್ಜಿ ಹತ್ತು ಸಲ ಹೇಳಿದರು.

ಆಮೇಲೆ ಇದೇ ಅಳತೆಗೆ ಮೂರು ದಾರ ಕತ್ತರಿಸಿ, ಬೇರೆ ಬೇರೆ ಬಣ್ಣದ್ದಾದರೆ ಒಳ್ಳೆಯದು, ಮಗುವಿನ ಚೀಲದಲ್ಲಿ ಹಾಕಿಡಿ. ಮ್ಯೂಸಿಯಂನಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರುವ ಸಾಮಾನು ಇನ್ನೊಂದಿಲ್ಲ. ಹಿಂದಿನ ಸಲ ಅದೇ ಎಂಜಿನ್ನುಗಳ ಮುಂದೆ ಓಡಿಹೋದ ಮಕ್ಕಳು, ದಾರ ಕೈಯಲ್ಲಿದ್ದಾಗ ಒಂದೊಂದರ ಮುಂದೆಯೂ ನಿಂತರು.

ಕೋಲಾರದವರಿಗೆ ಈ ಲೆಕ್ಕದಲ್ಲಿ ಒಂದು ಅನುಕೂಲ ಉಂಟು. ನಮ್ಮದು ನ್ಯಾರೋ ಗೇಜಿನ ಊರು. ಬಂಗಾರಪೇಟೆಯಿಂದ ಕೋಲಾರಕ್ಕೆ, ಇಲ್ಲಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಆ ಹಳಿ ಹಾಕಿದ್ದು 1910ರ ದಶಕದಲ್ಲಿ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವೆ ಬ್ರಾಡ್ ಗೇಜ್ ರೈಲು ಓಡತೊಡಗಿದ್ದು 2013ರಲ್ಲಿ. ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಆ ರೈಲಿನಲ್ಲಿ ಕೂತವರೇ ಇರುತ್ತಾರೆ. ನಮ್ಮಮ್ಮನ ತವರು ಶಿಡ್ಲಘಟ್ಟ. ರೈಲಿನಿಂದ ಇಳಿದು ಬೇಲಿಯಲ್ಲಿ ಸೀತಾಫಲ ಕಿತ್ತುಕೊಂಡು ಮತ್ತೆ ಅದೇ ರೈಲು ಹತ್ತಬಹುದಿತ್ತು ಅಂತ ಅವರು ಹೇಳುತ್ತಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಅಂತ ನಾನು ವಿಚಾರಿಸಲು ಹೋಗಿಲ್ಲ. ಹೊರಡುವ ಮುಂಚೆ ಮಕ್ಕಳನ್ನು ಇಂಥವರ ಹತ್ತಿರ ಒಂದು ಸಂಜೆ ಕೂರಿಸಿ.

ಅದೇ ವಾರ ಒಂದು ಸಾಯಂಕಾಲ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಹತ್ತಿರದ ಸ್ಟೇಷನ್ನಿಗೆ ಹೋಗಿ. ಆ ಟಿಕೆಟಿಗೆ ಎರಡು ಗಂಟೆ ಅವಧಿ, ಮಕ್ಕಳಿಗೆ ಅಷ್ಟು ಧಾರಾಳವಾಯಿತು. ಕೋಲಾರಕ್ಕಿಂತ ಬಂಗಾರಪೇಟೆ ವಾಸಿ, ಅಲ್ಲಿ ಗಾಡಿಗಳು ಜಾಸ್ತಿ. ಸುಮ್ಮನೆ ಬೆಂಚಿನ ಮೇಲೆ ಕೂತು ಎರಡು ಗಾಡಿ ಬಂದು ಹೋಗೋದನ್ನು ನೋಡಿ. ಹಳಿ ಕೆಳಗೆ ಜಲ್ಲಿ ಯಾಕೆ ಅನ್ನೋದು ಇಲ್ಲಿ ಬಂದೇ ಬರುವ ಪ್ರಶ್ನೆ. ಗಾಡಿಯ ಭಾರ ಒಂದೇ ಕಡೆ ನೆಲಕ್ಕೆ ಇಳಿಯದ ಹಾಗೆ ಜಲ್ಲಿ ಹರಡಿಕೊಡುತ್ತದೆ. ಮಳೆನೀರು ನಿಲ್ಲದೆ ಸೋರಿಹೋಗುತ್ತದೆ. ಹಳಿ ಕೆಳಗಿನ ಅಡ್ಡಪಟ್ಟಿಗಳು, ಅಂದರೆ ಸ್ಲೀಪರ್‌ಗಳು, ಅತ್ತಿತ್ತ ಸರಿಯುವುದಿಲ್ಲ. ನುಣುಪಾದ ಹೊಳೆಗಲ್ಲು ಹಾಕಿದರೆ ಉರುಳಿಹೋಗುತ್ತದೆ, ಅದಕ್ಕೇ ಮೂಲೆ ಚೂಪಾಗಿರೋ ಒಡೆದ ಕಲ್ಲು.

ದಿನ, ಟಿಕೆಟ್ಟು, ಊಟ

ಮ್ಯೂಸಿಯಂಗೆ ವಾರಕ್ಕೊಂದು ರಜೆ ಇರುತ್ತದೆ. ಯಾವ ದಿನ, ಎಷ್ಟು ಹೊತ್ತಿನವರೆಗೆ, ಟಿಕೆಟ್ ಎಷ್ಟು ಅನ್ನೋದನ್ನು ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ವರ್ಷದ ಹಿಂದೆ ಹೋಗಿ ಬಂದ ಪಕ್ಕದ ಮನೆಯವರ ಮಾತನ್ನು ಮಾತ್ರ ನಂಬಬೇಡಿ, ನನ್ನ ಮೊದಲ ಸಲದ ಕಥೆ ಅದೇ. ರೈಲಿನ ಸಮಯ ವಿಚಾರಿಸಲು 139 ಇದೆ.

ಕೋಲಾರದಿಂದ ಬೆಂಗಳೂರಿಗೆ ಬಸ್ಸೇ ಸಲೀಸು, ಗೊತ್ತು. ಆದರೂ ಈ ಒಂದು ಸಲ ಬಂಗಾರಪೇಟೆಗೆ ಹೋಗಿ ಅಲ್ಲಿಂದ ರೈಲು ಹಿಡಿಯಿರಿ. ರೈಲು ನೋಡಲು ಬಸ್ಸಿನಲ್ಲಿ ಹೋಗೋದು ಮದುವೆ ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಚೆನ್ನೈ ಕಡೆಯಿಂದ ಮೈಸೂರಿಗೆ ಹೋಗುವ ಗಾಡಿಗಳು ಬಂಗಾರಪೇಟೆ ಮೇಲೇ ಹಾದುಹೋಗುತ್ತವೆ. ಕೆಲವು ನಡುರಾತ್ರಿಯವು. ನಿದ್ದೆಗಣ್ಣಿನ ಮಕ್ಕಳು ಕಿಟಕಿಯಿಂದ ಏನನ್ನೂ ನೋಡಲ್ಲ. ಹಗಲು ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿ ಇಳಿದು ಕಾಫಿ ಕುಡಿದು ಮೈಸೂರು ಗಾಡಿ ಹತ್ತೋದು ವಾಸಿ.

ಐದು ತುಂಬದ ಮಗುವಿಗೆ ಬೇರೆ ಸೀಟು ಕೇಳದಿದ್ದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರೊಳಗಿನವರಿಗೆ ಜನರಲ್ ಟಿಕೆಟ್ ಅರ್ಧ. ಕಾದಿರಿಸುವಾಗ ಅವರಿಗೇ ಅಂತ ಸೀಟು ಬೇಕೆಂದರೆ ಪೂರ್ತಿ ಹಣ. ಬೆಂಗಳೂರಿನಿಂದ ಮೈಸೂರಿಗೆ ಸೀಟು ಕಾದಿರಿಸಿ, ಕಂಜೂಸು ಮಾಡಬೇಡಿ. ಬೆಂಗಳೂರು ಮೈಸೂರು ಹಳಿ 138 ಕಿಲೋಮೀಟರ್. ಅದರ ಹಿಂದೆ ಬಂಗಾರಪೇಟೆಯಿಂದ ಬೆಂಗಳೂರಿನದು ಸೇರಿಸಿ, ನಡುವೆ ಕಾಯುವ ಹೊತ್ತನ್ನೂ ಸೇರಿಸಿ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅನ್ನೋದು ದೊಡ್ಡವರ ಲೆಕ್ಕ. ಒಂದು ರಾತ್ರಿ ಮೈಸೂರಿನಲ್ಲಿ ಉಳಿಯಿರಿ, ಸ್ಟೇಷನ್ ಹತ್ತಿರವೇ ರೂಮು ಹಿಡಿಯಿರಿ. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಮ್ಯೂಸಿಯಂನಲ್ಲಿರಬಹುದು. ಕಬ್ಬಿಣದ ಎಂಜಿನ್ನುಗಳು ಬಯಲಲ್ಲಿ ನಿಂತಿರುತ್ತವೆ. ಬೇಸಿಗೆಯ ಮಧ್ಯಾಹ್ನ ಅವನ್ನು ಮುಟ್ಟಿದರೆ ದೋಸೆ ಹಂಚು ಮುಟ್ಟಿದ ಹಾಗೆ.

ದಾರಿಗೆ ಚಿತ್ರಾನ್ನ, ಮೊಸರನ್ನ, ನೀರು. ಮದ್ದೂರು ವಡೆ ರೈಲಿನಲ್ಲೇ ಬರುತ್ತದೆ, ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ದಾರಿಯಲ್ಲಿ ನೋಡುವುದು

ಮೊಬೈಲು ಕೊಡದೆ ಐದು ಗಂಟೆ ಕಳೆಯೋದು ಹೇಗೆ ಅಂತ ಹೆದರಬೇಡಿ. ಎರಡು ಆಟ ಸಾಕು.

ಒಂದು, ಬೋಗಿಯ ವಯಸ್ಸು ಹೇಳೋದು. ಪ್ರತಿ ಬೋಗಿಯ ಹೊರಮೈಮೇಲೆ ಐದಾರು ಅಂಕಿಯ ನಂಬರು ಬರೆದಿರುತ್ತಾರೆ. ಅದರ ಮೊದಲ ಎರಡು ಅಂಕಿ ಬೋಗಿ ತಯಾರಾದ ವರ್ಷ. 18ರಿಂದ ಶುರುವಾದರೆ 2018, 07 ಅಂತಿದ್ದರೆ 2007. ತನಗಿಂತ ದೊಡ್ಡ ಬೋಗಿ, ತನಗಿಂತ ಚಿಕ್ಕ ಬೋಗಿ ಅಂತ ಎಣಿಸುತ್ತ ಅಕ್ಕನ ಮಗ ಬಂಗಾರಪೇಟೆ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿವರೆಗೆ ನಡೆದ.

ಇನ್ನೊಂದು, ಎಂಜಿನ್ನಿನ ಹೆಸರು ಓದೋದು. ಮೂತಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಡಬ್ಲ್ಯುಎಪಿ-7, ಡಬ್ಲ್ಯುಎಜಿ-9, ಡಬ್ಲ್ಯುಡಿಪಿ-4 ಅಂತೆಲ್ಲ ಇರುತ್ತದೆ. ಮೊದಲ ಅಕ್ಷರ ಹಳಿಯದು: ಡಬ್ಲ್ಯು ಅಂದರೆ ಬ್ರಾಡ್ ಗೇಜ್, ವೈ ಅಂದರೆ ಮೀಟರ್, ಝಡ್ ಅಂದರೆ ನ್ಯಾರೋ. ಎರಡನೆಯದು ಹೊಟ್ಟೆಗೇನು ಅನ್ನೋದು: ಎ ಅಂದರೆ ಮೇಲಿನ ತಂತಿಯ ಎಸಿ ಕರೆಂಟು, ಡಿ ಅಂದರೆ ಡೀಸೆಲ್. ಮೂರನೆಯದು ಕೆಲಸ: ಪಿ ಪ್ರಯಾಣಿಕರ ಗಾಡಿ, ಜಿ ಗೂಡ್ಸು, ಎಂ ಎರಡೂ, ಎಸ್ ಅಂದರೆ ಯಾರ್ಡಿನಲ್ಲಿ ಬೋಗಿ ತಳ್ಳಾಡೋ ಶಂಟಿಂಗು. ಉಗಿ ಎಂಜಿನ್ನುಗಳಿಗೆ ನಡುವಿನ ಅಕ್ಷರವೇ ಇರುತ್ತಿರಲಿಲ್ಲ, ವೈಪಿ ಅಂದರೆ ಮೀಟರ್ ಗೇಜಿನ ಪ್ರಯಾಣಿಕರ ಎಂಜಿನ್ನು. ಹತ್ತು ವರ್ಷದವನಿಗೆ ಇದು ಗುಪ್ತಲಿಪಿ ಸಿಕ್ಕಿದ ಹಾಗಾಯಿತು. ಆರು ವರ್ಷದವಳಿಗೆ ರುಚಿಸಲಿಲ್ಲ, ಅವಳು ಕೆಂಪು ಬೋಗಿ ನೀಲಿ ಬೋಗಿ ಎಣಿಸುತ್ತಿದ್ದಳು. ಅದೂ ಸರಿಯೇ. ನೀಲಿಯವು ಸಾಮಾನ್ಯವಾಗಿ ಐಸಿಎಫ್ ಅನ್ನೋ ಹಳೇ ಮಾದರಿಯ ಬೋಗಿಗಳು, ಕೆಂಪಿನವು ಎಲ್‌ಎಚ್‌ಬಿ ಅನ್ನೋ ಹೊಸ ಮಾದರಿಯವು.

ನೀವು ಕೂತ ಈ ಹಳಿಗೂ ವಯಸ್ಸಿದೆ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಬಂಗಾರಪೇಟೆಯ ಆಗಿನ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನದು. ಅಲ್ಲಿಂದ ಚಿನ್ನದ ಗಣಿಯ ಕಡೆಗೆ, ಮಾರಿಕುಪ್ಪಂವರೆಗೆ 1894ರಲ್ಲಿ ಹಳಿ ಬಂತು. ಟ್ಯಾಕಲ್‌ನ ಬಂಡೆಗಳು, ಮಾಲೂರಿನ ಹೆಂಚಿನ ಕಾರ್ಖಾನೆಗಳ ಕಡೆ ಕೈ ತೋರಿಸಿ. ವೈಟ್‌ಫೀಲ್ಡ್ ದಾಟಿದ ಮೇಲೆ ಎಲ್ಲರೂ ಕಿಟಕಿ ಹಿಡಿದುಕೊಳ್ಳಿ. ಒಬ್ಬೊಬ್ಬರು ಒಂದೊಂದು ಬದಿ. ಕೃಷ್ಣರಾಜಪುರದಲ್ಲಿ ದೊಡ್ಡ ಲೋಕೊ ಶೆಡ್ ಇದೆ. ಡೀಸೆಲ್ ಎಂಜಿನ್ನುಗಳಿಗೆಂದೇ ಕಟ್ಟಿದ್ದು, ಈಗ ಕರೆಂಟಿನ ಎಂಜಿನ್ನುಗಳೂ ಇಲ್ಲಿಗೆ ಸೇರಿದವು. ಎಂಜಿನ್ನಿನ ಪಕ್ಕದಲ್ಲಿ ಕೆಜೆಎಂ ಅನ್ನೋ ಮೂರು ಅಕ್ಷರ ಕಂಡರೆ ಅದರ ತವರುಮನೆ ಇದೇ. ಈ ಅಕ್ಷರ ನೆನಪಿಟ್ಟುಕೊಂಡ ಮಕ್ಕಳು ಆಮೇಲೆ ಯಾವ ಊರಿನ ಸ್ಟೇಷನ್ನಿನಲ್ಲಿ ಕಂಡರೂ "ನಮ್ಮ ಕಡೇದು" ಅಂತ ಕೂಗುತ್ತಾರೆ.

ಮ್ಯೂಸಿಯಂ ಒಳಗೆ: ಆಟದ ರೈಲು ಮೊದಲು

ಮೈಸೂರಿನ ರೈಲು ಮ್ಯೂಸಿಯಂ 1979ರದ್ದು. ದೆಹಲಿಯದ್ದು ಬಿಟ್ಟರೆ ಈ ದೇಶದಲ್ಲಿ ಇದೇ ಹಳೆಯದು. ರೈಲು ನಿಲ್ದಾಣಕ್ಕೆ ಅಂಟಿಕೊಂಡ ಹಾಗೆ, ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರಿಗಿದೆ. ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಒಳಗೆ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕಿಸುವ ಪುಟ್ಟ ರೈಲು ಇದೆ. ಎಲ್ಲ ನೋಡಿದ ಮೇಲೆ ಬಹುಮಾನದ ಹಾಗೆ ಕೊನೆಯಲ್ಲಿ ಹತ್ತಿಸೋಣ ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಹತ್ತುವವರೆಗೂ ಅವರ ತಲೆಯಲ್ಲಿ ಬೇರೇನೂ ಇರಲ್ಲ. ಒಳಗೆ ಕಾಲಿಟ್ಟ ತಕ್ಷಣ ಒಂದು ಸುತ್ತು ಕೂರಿಸಿಬಿಡಿ. ಅದು ಓಡುತ್ತಿಲ್ಲವಾದರೆ ಅಳು ಏಳುವುದೂ ಆಗಲೇ ಏಳಲಿ, ಬೆಳಿಗ್ಗೆಯ ಅಳು ಬೇಗ ನಿಲ್ಲುತ್ತದೆ.

ಆಮೇಲೆ ಎಲ್ಲ ಎಂಜಿನ್ನನ್ನೂ ನೋಡಲು ಹೋಗಬೇಡಿ. ಒಂದು ಉಗಿ ಎಂಜಿನ್ನನ್ನು ಆರಿಸಿಕೊಂಡು ಅದರ ಹತ್ತಿರ ಅರ್ಧ ಗಂಟೆ ನಿಲ್ಲಿ. ನಾವು ನಿಂತದ್ದು ಇಎಸ್ 506 ಅನ್ನೋ ಎಂಜಿನ್ನಿನ ಹತ್ತಿರ (ಈ ಹೆಸರು ಮೇಲೆ ಹೇಳಿದ ಗುಪ್ತಲಿಪಿಯದ್ದಲ್ಲ). ಮೊದಲ ಕೆಲಸ ದಾರ ತೆಗೆಯೋದು. ಮೂರರಲ್ಲಿ ಯಾವುದು ಸರಿಹೊಂದುತ್ತದೆ ಅಂತ ಮಗುವೇ ನೋಡಲಿ. ನಮ್ಮ ಹುಡುಗಿ ಒಂದು ತುದಿ, ಹುಡುಗ ಇನ್ನೊಂದು ತುದಿ ಹಿಡಿದು ಬಗ್ಗಿದರು. ಹಸಿರು ದಾರ, ಮೀಟರ್ ಗೇಜು. ಎರಡನೇ ಕೆಲಸ ಚಕ್ರ ಎಣಿಸೋದು. ಮುಂದೆ ನಾಲ್ಕು ಚಿಕ್ಕವು, ನಡುವೆ ಆರು ದೊಡ್ಡವು, ಹಿಂದೆ ಎರಡು. ಉಗಿ ಎಂಜಿನ್ನಿನ ಜಾತಿಯನ್ನು 4-6-2 ಅಂತ ಹೀಗೇ ಬರೆಯೋದು. ಎರಡೂ ಬದಿ ಸೇರಿಸಿ ಎಣಿಸಬೇಕು, ಇಲ್ಲವಾದರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ.

ಇದು ಓಡುವುದು ಹೇಗೆ ಅನ್ನೋದನ್ನು ಪ್ರೆಶರ್ ಕುಕ್ಕರಿನಿಂದ ಶುರು ಮಾಡಿ. ಎಂಜಿನ್ನಿನ ಉದ್ದನೆ ಹೊಟ್ಟೆಯೇ ಕುಕ್ಕರು, ಅದರ ಹೆಸರು ಬಾಯ್ಲರ್. ಹಿಂದುಗಡೆ, ಡ್ರೈವರ್ ನಿಲ್ಲೋ ಕಡೆ ಒಲೆ. ಒಲೆಯ ಬಿಸಿ ಗಾಳಿ ನೀರಿನ ನಡುವೆ ಹಾದುಹೋಗುವ ಕೊಳವೆಗಳಲ್ಲಿ ಮುಂದಕ್ಕೆ ಬಂದು ಚಿಮಣಿಯಲ್ಲಿ ಹೊರಗೆ ಹೋಗುತ್ತದೆ. ಕುಕ್ಕರಿನಲ್ಲಿ ಉಗಿ ವೆಯ್ಟನ್ನು ಎತ್ತಿ ಸೀಟಿ ಹೊಡೆಸುತ್ತದೆ. ಇಲ್ಲಿ ಆ ಉಗಿಯನ್ನು ಪೋಲಾಗಲು ಬಿಡದೆ ಸಿಲಿಂಡರಿಗೆ ಬಿಡುತ್ತಾರೆ. ಮುಂಚಕ್ರಗಳ ಪಕ್ಕದಲ್ಲಿ ಡೋಲಿನ ಹಾಗೆ ಕೂತಿರೋದೇ ಸಿಲಿಂಡರ್. ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಉಗಿ ನುಗ್ಗಿ ಪಿಸ್ಟನ್ನನ್ನು ಹಿಂದೆ ಮುಂದೆ ತಳ್ಳುತ್ತದೆ. ಪಿಸ್ಟನ್ನಿನಿಂದ ಹೊರಟ ಸಲಾಕೆ ಚಕ್ರದ ನಡುವಿಗಲ್ಲ, ಪಕ್ಕಕ್ಕೆ ಸೇರಿಕೊಂಡಿದೆ. ಬೀಸೋ ಕಲ್ಲಿನ ಗೂಟ ನಡುವೆ ಇರಲ್ಲ, ಅಂಚಿನಲ್ಲಿರುತ್ತದೆ, ಅದೇ ಥರ. ಮಗುವಿನ ಕೈ ಹಿಡಿದು ಆ ಸಲಾಕೆಯ ಉದ್ದಕ್ಕೂ ಬೆರಳು ತೋರಿಸುತ್ತ ಬಂದರೆ ನೀವು ಹೇಳಿಕೊಡೋದೇನೂ ಉಳಿಯಲ್ಲ. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಹೊರಗೆ ಬೀಳುವಾಗ ಆಗುವ ಸದ್ದೇ ಛುಕ್ ಛುಕ್. ಮಗಳು ಅಲ್ಲೇ ಸಿಲಿಂಡರಿನ ಹತ್ತಿರ ನಿಂತು ಛುಕ್ ಅಂದು, ಚಿಮಣಿ ಕಡೆ ಕೈ ತೋರಿಸಿ ಇನ್ನೊಂದು ಛುಕ್ ಅಂದಳು. ಹತ್ತಿರ ನಿಂತಿದ್ದ ಯಾರೋ ತಾತ ಜೋರಾಗಿ ನಕ್ಕರು.

ಮೈಸೂರು ಅರಸರ ಮನೆತನದ ಬೋಗಿಗಳು ಶ್ರೀರಂಗ ಪೆವಿಲಿಯನ್‌ನಲ್ಲಿವೆ. ಮಹಾರಾಣಿಯವರ ಸಲೂನು, ಅಂದರೆ ಖಾಸಗಿ ಬೋಗಿ, 1899ರದ್ದು, ಅದರಲ್ಲಿ ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲ ಇದೆ. ದೊಡ್ಡವರು ಮರಗೆಲಸ ನೋಡಿ ಬೆರಗಾಗುತ್ತಾರೆ, ಮಕ್ಕಳು ಕಮೋಡು ನೋಡಿ ನಗುತ್ತಾರೆ. ಹೆಚ್ಚು ಹೊತ್ತು ನಿಲ್ಲುವುದೇನೂ ಬೇಡ.

ನಿಲ್ಲಬೇಕಾದದ್ದು ಆಸ್ಟಿನ್ ಕಾರಿನ ಹತ್ತಿರ. 1925ರ ಈ ಕಾರಿಗೆ ರೈಲಿನ ಚಕ್ರ ಹಾಕಿ ಹಳಿಯ ಮೇಲೆ ನಿಲ್ಲಿಸಿದ್ದಾರೆ. ಹಳಿ ಸರಿಯಾಗಿದೆಯೇ ಅಂತ ನೋಡಿಕೊಂಡು ಬರಲು ಇಂಥ ಗಾಡಿಗಳಿದ್ದವು. ಕೋಲಾರದವರು ಇದನ್ನು ನೋಡಿದರೆ ನಗು ಬರದೆ ಇರಲ್ಲ. ನಮ್ಮೂರಿಗೂ ಬಂಗಾರಪೇಟೆಗೂ ನಡುವೆ ಕೆಲವು ವರ್ಷ ರೈಲ್ ಬಸ್ ಓಡಿತಲ್ಲ, ಮೇಲೆ ಬಸ್ಸು ಕೆಳಗೆ ರೈಲು, ಒಂದೇ ಡಬ್ಬಿ. ಅದರಲ್ಲಿ ನಾನು ಕಾಲೇಜಿಗೆ ಓಡಾಡಿದ್ದೇನೆ ಅಂದಾಗ ಅಕ್ಕನ ಮಗ ನನ್ನನ್ನೇ ಮ್ಯೂಸಿಯಂ ಸಾಮಾನಿನ ಹಾಗೆ ನೋಡಿದ. "ಸ್ಟೇರಿಂಗ್ ಇತ್ತಾ ಮಾಮ?" ಅಂತ ಕೇಳಿದ. ಹಳಿ ಮೇಲೆ ಓಡೋದಕ್ಕೆ ಸ್ಟೇರಿಂಗ್ ಯಾಕೆ ಬೇಕು, ತಿರುವಿನಲ್ಲಿ ತಾನಾಗೇ ಹೇಗೆ ತಿರುಗುತ್ತದೆ? ಉತ್ತರ ಅಲ್ಲೇ ಹೇಳಬೇಡಿ, ಅದು ಮನೆಗೆ ಬಂದ ಮೇಲಿನ ಪಾಠ.

ಸಿಗ್ನಲ್ಲು, ಲಾಂದ್ರ, ಹಳೇ ಫೋಟೋಗಳ ಕೋಣೆಯನ್ನು ನಿಮ್ಮ ಮಕ್ಕಳ ಮುಖ ನೋಡಿ ತೀರ್ಮಾನ ಮಾಡಿ. ನಮ್ಮವರು ಆ ಹೊತ್ತಿಗೆ ಐಸ್‌ಕ್ರೀಮಿನ ಕಡೆ ತಿರುಗಿದ್ದರು.

ಎಂಜಿನ್ ಮೇಲೆ ಹತ್ತಲು ಬಿಡುವ ಕಡೆ ಮಾತ್ರ ಹತ್ತಿಸಿ. ಮೆಟ್ಟಿಲು ಎತ್ತರ, ಅಂಚು ಚೂಪು. ಇಳಿಯುವಾಗ ಮುಖ ಎಂಜಿನ್ ಕಡೆಗೆ, ಬೆನ್ನು ಹೊರಗೆ. ರೈಲ್ವೆಯವರು ಇಳಿಯೋದೂ ಹಾಗೇ.

ರಿಪೇರಿ ನೋಡುವುದು: ಅನುಮತಿ ಇದ್ದರೆ ಒಳಗೆ, ಇಲ್ಲದಿದ್ದರೆ ಪ್ಲಾಟ್‌ಫಾರ್ಮಿನಲ್ಲಿ

ನಿಂತ ಎಂಜಿನ್ ನೋಡಿದ ಮಕ್ಕಳು ಮುಂದಕ್ಕೆ ಕೇಳೋದು ಒಂದೇ, "ಕೆಟ್ಟುಹೋದರೆ ಯಾರು ಸರಿಮಾಡ್ತಾರೆ?" ಮೈಸೂರಿನ ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಶಾಪ್ ಇದೆ, ಬೋಗಿಗಳನ್ನು ಪೂರ್ತಿ ಬಿಚ್ಚಿ ಜೋಡಿಸುವ ಜಾಗ. ಇಂಥ ಕಡೆ ಮನೆಮಂದಿಯಾಗಿ ಹೋಗಿ ಗೇಟಿನಲ್ಲಿ ನಿಂತು ಬಿಡಿ ಅಂದರೆ ಬಿಡುವುದಿಲ್ಲ. ನಾನು ಒಂದು ಕಾರ್ಖಾನೆಯ ಗೇಟಿನಲ್ಲಿ ಈ ಪ್ರಯೋಗ ಮಾಡಿ, ಕಾವಲಿನವರ ಹತ್ತಿರ ಮಕ್ಕಳೆದುರಿಗೇ ಬೈಸಿಕೊಂಡಿದ್ದೇನೆ. ತಪ್ಪು ನನ್ನದೇ. ಒಳಗೆ ತಲೆ ಮೇಲೆ ಕ್ರೇನು ಓಡಾಡುತ್ತಿರುತ್ತದೆ.

ಒಳಗೆ ಹೋಗಬೇಕೆಂದರೆ ಶಾಲೆಯ ಮೂಲಕ ಹೋಗಿ. ಶಾಲೆಯ ಲೆಟರ್‌ಹೆಡ್‌ನಲ್ಲಿ ವರ್ಕ್‌ಶಾಪಿನ ಮುಖ್ಯಸ್ಥರಿಗೆ ಹೆಡ್‌ಮಾಸ್ಟರ್ ಸಹಿಯ ಪತ್ರ, ಅದರಲ್ಲಿ ಮಕ್ಕಳೆಷ್ಟು, ಯಾವ ತರಗತಿ, ಜೊತೆಗೆ ಬರುವ ಮೇಷ್ಟ್ರು ಮೇಡಮ್ಮುಗಳೆಷ್ಟು, ಒಂದರ ಬದಲು ಮೂರು ದಿನಾಂಕ. ಕನಿಷ್ಠ ಒಂದು ತಿಂಗಳು ಮುಂಚೆ ಕಳಿಸಿ, ಉತ್ತರ ಬರದಿದ್ದರೆ ಖುದ್ದಾಗಿ ಹೋಗಿ ಕೇಳಿ. ಐದನೇ ತರಗತಿಗಿಂತ ಚಿಕ್ಕವರನ್ನು ಪಟ್ಟಿಗೆ ಸೇರಿಸಬೇಡಿ, ಇದು ನನ್ನ ಅಭಿಪ್ರಾಯ. ಸದ್ದಿಗೆ ಹೆದರುತ್ತಾರೆ. ಇನ್ನೊಂದು ದಾರಿ ಆಯುಧಪೂಜೆ. ಆವತ್ತು ಮನೆಯವರನ್ನು ಒಳಗೆ ಕರೆದು ಪೂಜೆ ಮಾಡುವ ವಾಡಿಕೆ ನಮ್ಮ ಕಡೆ ಎಷ್ಟೋ ಕಾರ್ಖಾನೆಗಳಲ್ಲಿದೆ. ಬಂಧುಬಳಗದಲ್ಲಿ ಯಾರಾದರೂ ರೈಲ್ವೆ ಕೆಲಸದಲ್ಲಿದ್ದರೆ ದಸರೆಗೆ ಮುಂಚೆ ಮಾತಾಡಿಟ್ಟುಕೊಳ್ಳಿ.

ಒಳಗೆ ಹೋದವರಿಗೆ: ಶೂ ಕಡ್ಡಾಯ, ಚಪ್ಪಲಿ ಬೇಡ. ಜೋತಾಡುವ ದುಪಟ್ಟಾ, ಉದ್ದ ಜಡೆ ಕಟ್ಟಿಕೊಳ್ಳಬೇಕು. ಕೇಳದೆ ಫೋಟೋ ತೆಗೆಯಬಾರದು. ಹಳಿ ದಾಟುವಾಗ ಹಳಿಯ ಮೇಲೆ ಕಾಲಿಡದೆ ದಾಟಬೇಕು, ಎಣ್ಣೆ ಮೆತ್ತಿಕೊಂಡಿರುತ್ತದೆ, ಜಾರುತ್ತದೆ. ಏನೇ ನೋಡದಿದ್ದರೂ ಎರಡು ಮಾತ್ರ ನೋಡಿಕೊಂಡು ಬನ್ನಿ. ಬೋಗಿಯ ಮೈಯನ್ನು ಮೇಲಕ್ಕೆತ್ತಿ ಚಕ್ರದ ಗಾಡಿಯನ್ನು ಕೆಳಗಿಂದ ಎಳೆದು ತೆಗೆಯೋದು ಒಂದು. ಬೋಗಿಯ ಮೈಯನ್ನು ಚಕ್ರದ ಗಾಡಿಯ ಮೇಲೆ ಕೂರಿಸಿರುತ್ತಾರೆ ಅಷ್ಟೇ ಅನ್ನೋದು ದೊಡ್ಡವರಿಗೂ ಆಶ್ಚರ್ಯವೇ. ಸವೆದ ಚಕ್ರವನ್ನು ಲೇತಿಗೆ ಹಾಕಿ ಕೆತ್ತೋದು ಇನ್ನೊಂದು. ತೆಂಗಿನತುರಿಯ ಹಾಗೆ ಉಕ್ಕು ಸುರುಳಿ ಸುರುಳಿಯಾಗಿ ಬೀಳುತ್ತದೆ. ಬಿಸಿ ಇರುತ್ತದೆ, ಹೆಕ್ಕಿಕೊಳ್ಳಲು ಬಿಡಬೇಡಿ.

ಅನುಮತಿ ಸಿಗದವರು ಬೇಸರ ಮಾಡಿಕೊಳ್ಳಬೇಕಿಲ್ಲ. ದಿನವೂ ನಡೆಯುವ ರಿಪೇರಿ ಪ್ಲಾಟ್‌ಫಾರ್ಮಿನಲ್ಲೇ ಕಾಣುತ್ತದೆ, ನಾವು ಸೀಟು ಹಿಡಿಯೋ ಗಡಿಬಿಡಿಯಲ್ಲಿ ನೋಡಲ್ಲ ಅಷ್ಟೇ. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ದೂರದ ಗಾಡಿ ಬರುವ ಹತ್ತು ನಿಮಿಷ ಮುಂಚೆ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಹಳದಿ ಗೆರೆಯ ಹಿಂದೆ ನಿಲ್ಲಿ. ಗಾಡಿ ಒಳಗೆ ಬರುವಾಗಲೇ ಹಳಿಯ ಬದಿಯಲ್ಲಿ ಕೂತು, ಹಾದುಹೋಗುವ ಒಂದೊಂದು ಚಕ್ರವನ್ನೂ ನೋಡುವ ಸಿಬ್ಬಂದಿ ಕಾಣಿಸುತ್ತಾರೆ. ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಚಕ್ರ ಒಂದು ಕಡೆ ಚಪ್ಪಟೆಯಾಗಿದ್ದರೆ ಟಕ್ ಟಕ್ ಅಂತ ಬಡಿಯುತ್ತದೆ. ಗಾಡಿ ನಿಂತ ಮೇಲೆ ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರ ತೋರಿಸಿ ಚಕ್ರದ ಅಚ್ಚಿನ ತುದಿಯಲ್ಲಿರುವ ಆಕ್ಸಲ್ ಬಾಕ್ಸಿನ ಬಿಸಿ ನೋಡುತ್ತಾರೆ. ಅದು ಜ್ವರ ನೋಡಿದ ಹಾಗೆ ಅಂದರೆ ಮಗುವಿಗೆ ಸಾಕು.

ಎಂಜಿನ್ ಬಿಡಿಸುವುದನ್ನು, ಸೇರಿಸುವುದನ್ನು ತಪ್ಪಿಸಬೇಡಿ. ನಡುವೆ ಇಳಿದವರು ರಬ್ಬರ್ ಕೊಳವೆಗಳನ್ನು ಬಿಚ್ಚುವಾಗ ಸುಸ್ಸ್ ಅಂತ ಗಾಳಿ ಹೊರಡುತ್ತದೆ. ನಮ್ಮ ಸೈಕಲ್ ಬ್ರೇಕಿಗೂ ರೈಲಿನ ಬ್ರೇಕಿಗೂ ಇರುವ ವ್ಯತ್ಯಾಸ ಆ ಸದ್ದಿನಲ್ಲಿದೆ. ಎಂಜಿನ್ನಿನಿಂದ ಕೊನೇ ಬೋಗಿವರೆಗೂ ಒಂದು ಗಾಳಿ ಕೊಳವೆ, ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡ. ಆ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ, ಗಾಳಿ ಹೋದರೆ ಹಿಡಿದುಕೊಳ್ಳುತ್ತದೆ. ಬೋಗಿ ಕಳಚಿಕೊಂಡರೂ ಕೊಳವೆ ಹರಿದು ಎರಡು ತುಂಡೂ ತಾವಾಗೇ ನಿಲ್ಲುತ್ತವೆ. ಅಪಾಯದ ಸರಪಳಿ ಎಳೆದಾಗಲೂ ಆಗುವುದು ಇದೇ, ಗಾಳಿ ಹೊರಗೆ ಹೋಗುವುದು. ಇದನ್ನು ಹೇಳಿದ ಮೇಲೆ ವಾಪಸ್ ಬರುವ ರೈಲಿನಲ್ಲಿ ಮಕ್ಕಳ ಕಣ್ಣು ಸರಪಳಿಯ ಮೇಲೇ ಇರುತ್ತದೆ, ಅದಕ್ಕೆ ಹೊಂದಿಕೊಂಡು ಸೀಟು ಆರಿಸಿ.

ಕೆಲಸ ಮಾಡುವವರನ್ನು ಕೆಲಸದ ನಡುವೆ ಮಾತಾಡಿಸಬೇಡಿ. ಮುಗಿಸಿ ಮೇಲೆ ಬಂದವರನ್ನು "ಅಣ್ಣ, ಒಂದು ಕೇಳಬಹುದಾ" ಅಂತ ಮಗುವೇ ಕೇಳಲಿ. ಮೈಸೂರಿನಲ್ಲಿ ನಮ್ಮ ಹುಡುಗಿ ಹಾಗೆ ಕೇಳಿದ್ದಕ್ಕೆ ಒಬ್ಬರು ಕೈ ಒರೆಸಿಕೊಂಡು, ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕಿನ ಹಳೇ ಬ್ಲಾಕಿಗೂ ಹೊಸದಕ್ಕೂ ಎಷ್ಟು ಸವೆತ ಅಂತ ಬೆರಳು ಅಗಲಿಸಿ ತೋರಿಸಿದರು.

ಅರ್ಧ ದಿನ ಮಾತ್ರ ಇರುವವರಿಗೆ

ಮೈಸೂರು ಈಗಲೇ ಆಗಲ್ಲ ಅನ್ನುವವರು, ಅದರಲ್ಲೂ ಚಿಂತಾಮಣಿ, ಚಿಕ್ಕಬಳ್ಳಾಪುರ ಕಡೆಯವರು, ನಂದಿ ಹಾಲ್ಟಿಗೆ ಹೋಗಿ ಬನ್ನಿ. ಯಲಹಂಕ ಚಿಕ್ಕಬಳ್ಳಾಪುರ ದಾರಿಯಲ್ಲಿ ನ್ಯಾರೋ ಗೇಜ್ ಕಾಲದ ಸ್ಟೇಷನ್ ಕಟ್ಟಡ ಉಳಿದಿದೆ, ಎದುರಿಗೆ ನಂದಿಬೆಟ್ಟ. ಎಂಜಿನ್ನುಗಳ ಸಾಲು ಇಲ್ಲ. ಬುತ್ತಿ ಬಿಚ್ಚಲು ನೆರಳಿದೆ, ಅಜ್ಜಿ ಹೇಳಿದ ರೈಲು ನಿಲ್ಲುತ್ತಿದ್ದದ್ದು ಇಂಥ ಕಡೆ ಅಂತ ತೋರಿಸಬಹುದು.

ಮನೆಗೆ ಬಂದ ಮೇಲೆ: ಸ್ಟೇರಿಂಗ್ ಇಲ್ಲದ ತಿರುವು

ಆಸ್ಟಿನ್ ಕಾರಿನ ಹತ್ತಿರ ಉಳಿಸಿಕೊಂಡ ಪ್ರಶ್ನೆಗೆ ಈಗ ಬನ್ನಿ. ಟೀ ಕುಡಿಯುವ ಕಾಗದದ ಲೋಟ ನಾಲ್ಕು ಬೇಕು. ಎರಡನ್ನು ಬಾಯಿಗೆ ಬಾಯಿ ಸೇರಿಸಿ ಟೇಪು ಸುತ್ತಿ, ನಡು ದಪ್ಪ, ತುದಿ ಸಣ್ಣ. ಇನ್ನೆರಡನ್ನು ತಳಕ್ಕೆ ತಳ ಸೇರಿಸಿ ಸುತ್ತಿ, ನಡು ಸಣ್ಣ, ತುದಿ ದಪ್ಪ. ಎರಡು ಉದ್ದ ಕೋಲುಗಳನ್ನು ಸಮನಾಗಿ ಇಟ್ಟು, ಒಂದು ಕಡೆ ಪುಸ್ತಕ ಕೊಟ್ಟು ಸ್ವಲ್ಪ ಇಳಿಜಾರು ಮಾಡಿ. ಇದೇ ಹಳಿ. ಎರಡು ಜೋಡಿಯನ್ನೂ ಒಂದಾದ ಮೇಲೊಂದು, ಬೇಕೆಂದೇ ಸ್ವಲ್ಪ ಪಕ್ಕಕ್ಕೆ ಸರಿಸಿ ಉರುಳಿಸಿ.

ನಡು ದಪ್ಪ ಇರುವುದು ಒಂದು ಬದಿಗೆ ವಾಲಿದರೂ ತಾನೇ ಸರಿಮಾಡಿಕೊಂಡು ಕೊನೆವರೆಗೂ ಓಡುತ್ತದೆ. ನಡು ಸಣ್ಣ ಇರುವುದು ಕೋಲಿನಿಂದ ಜಾರಿ ಬೀಳುತ್ತದೆ. ರೈಲಿನ ಚಕ್ರವೂ ಚಪ್ಪಟೆಯಲ್ಲ, ಒಳಬದಿ ದಪ್ಪ, ಹೊರಬದಿ ಸಣ್ಣ. ತಿರುವಿನಲ್ಲಿ ಜೋಡಿ ಹೊರಗಡೆ ಸರಿದಾಗ ಹೊರ ಹಳಿಯ ಮೇಲಿನ ಚಕ್ರ ತನ್ನ ದಪ್ಪ ಭಾಗದಲ್ಲಿ ಓಡುತ್ತದೆ, ಒಳ ಹಳಿಯದು ಸಣ್ಣ ಭಾಗದಲ್ಲಿ. ಒಂದು ಸುತ್ತಿಗೆ ದಪ್ಪದ್ದು ಜಾಸ್ತಿ ದೂರ ಹೋಗುತ್ತದೆ, ಗಾಡಿ ತಿರುಗುತ್ತದೆ. ಒಳಗಡೆ ಇರುವ ಎತ್ತರದ ಅಂಚು ಕೊನೇ ಆಸರೆಗೆ. ವರ್ಕ್‌ಶಾಪಿನ ಲೇತಿನಲ್ಲಿ ಕೆತ್ತಿ ಸರಿಮಾಡುವುದು ಈ ಇಳಿಜಾರನ್ನೇ.

ಬೀಳುವ ಜೋಡಿಯನ್ನೇ ಮಕ್ಕಳು ಮತ್ತೆ ಮತ್ತೆ ಉರುಳಿಸುತ್ತಾರೆ, ಲೋಟ ಬೇಗ ನುಗ್ಗಾಗುತ್ತದೆ. ಅಂಗಡಿಯಿಂದ ತರುವಾಗ ಹತ್ತು ಹೆಚ್ಚಿಗೆ ತನ್ನಿ.